ಬೇರು ಒಂದರದು, ಹಣ್ಣು ಇನ್ನೊಂದರದು: ನನ್ನ ದ್ರಾಕ್ಷಿ ಕಸಿಯ ಅನುಭವ

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ಮೂರು ಎಕರೆ ದ್ರಾಕ್ಷಿ, ಎಲ್ಲಾ ಥಾಮ್ಸನ್ ಸೀಡ್‌ಲೆಸ್. ಹೆಚ್ಚಿನದನ್ನು ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತೇವೆ. ಅಪ್ಪ ಹಚ್ಚಿದ ಪಡದಲ್ಲಿ (ದ್ರಾಕ್ಷಿ ತೋಟದಲ್ಲಿ) ರೂಟ್‌ಸ್ಟಾಕ್ (ಕಸಿಗೆ ಬೇರು ಕೊಡುವ ಗಿಡ) ಗೀಟ್‌ಸ್ಟಾಕ್ ಅಂತ ಏನೂ ಇರಲಿಲ್ಲ, ಥಾಮ್ಸನ್ ಕಡ್ಡಿಯನ್ನೇ ನೆಲಕ್ಕೆ ಊರಿದ್ದರು. ಆಗ ಬಾವಿ ನೀರು ಸಿಹಿ ಇತ್ತು, ನಡೀತು. ಬಾವಿ ಬತ್ತಿ ಬೋರ್ ಕೊರೆಸಿದ ಮೇಲೆ ಸವುಳು ನೀರು ಬಂತು. ಎಲೆಯ ಅಂಚು ಸುಟ್ಟಂತಾಗಿ ಬಳ್ಳಿ ಒಂದೊಂದೇ ಒಣಗಿದವು. ಅವನ್ನು ಕಿತ್ತು ಹೊಸದು ಹಚ್ಚುವಾಗ ನಾನು ಕಸಿಯ ದಾರಿ ಹಿಡಿದೆ.

ರೂಟ್‌ಸ್ಟಾಕ್ ಯಾವುದು ಅಂದರೆ ಎಲ್ಲರೂ ಡಾಗ್‌ರಿಜ್ ಅಂದರು, ನಾನೂ ಅದನ್ನೇ ತಂದೆ. ಇದು ಮೂಲದಲ್ಲಿ ಅಮೆರಿಕದ ಟೆಕ್ಸಾಸ್ ಕಡೆಯ ಕಾಡು ದ್ರಾಕ್ಷಿ. ಬರ ತಡೆಯುತ್ತದೆ, ಗರಸು (ಕಲ್ಲುಹರಳಿನ) ನೆಲದಲ್ಲೂ ಬೇರು ಬಿಡುತ್ತದೆ, ಸೊಕ್ಕಿ ಬೆಳೆಯುತ್ತದೆ. ಫೆಬ್ರುವರಿಯಲ್ಲಿ 9 ಅಡಿಗೆ 5 ಅಡಿಯಂತೆ ಎಕರೆಗೆ 968 ಸಸಿ ಹಚ್ಚಿದೆವು. ಒಂದು ಸಲ ಕೆಳಗೆ ಕತ್ತರಿಸಿ, ಪ್ರತಿ ಸಸಿಗೆ ಎರಡು ಚಿಗುರು ಮಾತ್ರ ಬಿಟ್ಟು, ಬಿದಿರು ಕಡ್ಡಿಗೆ ನೆಟ್ಟಗೆ ಕಟ್ಟುತ್ತಾ ಹೋದೆವು. ಎರಡು ಯಾಕೆ ಅಂದರೆ, ಎರಡಕ್ಕೂ ಕಸಿ ಕಟ್ಟಿದರೆ ಒಂದು ಸತ್ತರೂ ಇನ್ನೊಂದು ಉಳಿಯುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಕಾಂಡ ಪೆನ್ಸಿಲ್ ದಪ್ಪ ಆಗಿರಬೇಕು. ನಮ್ಮಲ್ಲಿ ಒಳ್ಳೆ ಮಳೆ ಬೀಳುವುದೂ ಆಗಲೇ, ಹವೆಯಲ್ಲಿ ತೇವ ಇರುತ್ತದೆ. ಕಸಿಗೆ ಬೇಕಾದದ್ದು ಅದೇ.

ಮೊದಲ ವರ್ಷ ನಾನು ಮಾಡಿದ ದಡ್ಡತನ ಹೇಳುತ್ತೇನೆ. ಥಾಮ್ಸನ್ ಕಡ್ಡಿಗಳನ್ನು ದೂರದ ಊರಿನ ಪಡದಿಂದ ಮಧ್ಯಾಹ್ನ ಬೈಕಿನ ಹಿಂದೆ ಸುಮ್ನೆ ಹಗ್ಗದಲ್ಲಿ ಕಟ್ಟಿಕೊಂಡು ತಂದಿದ್ದೆ. ಕಸಿ ಕಟ್ಟಲು ಬಂದ ಮೇಸ್ತ್ರಿ ಒಂದು ಕಡ್ಡಿ ಕೊಯ್ದು ನೋಡಿ, "ಸಾಹುಕಾರ್ರ, ಕಡ್ಡಿ ಒಳಗ ಒಣಗ್ಯಾವ್ರೀ" ಅಂದರು. ಗಡಿಬಿಡಿಯಲ್ಲಿ ನಾನೇ "ಇರ್ಲಿ, ಕಟ್ರಿ" ಅಂದೆ. ಸುಮಾರು 350 ಗಿಡ ಕೂಡಲಿಲ್ಲ. ಈಗ ಹಾಗಲ್ಲ. ಹಣ್ಣಿದ್ದಾಗಲೇ ಒಳ್ಳೆ ಗೊನೆ ಬಿಟ್ಟ ಬಳ್ಳಿಗೆ ಕೆಂಪು ಪಟ್ಟಿ ಕಟ್ಟಿಡುತ್ತೇನೆ. ಕಸಿಯ ದಿನ ಬೆಳಿಗ್ಗೆ ಅದರ ಬಲಿತ ಕಡ್ಡಿ ಕೊಯ್ದು, ಎಲೆ ತೆಗೆದು, ಕಾರ್ಬೆಂಡಜಿಂ ಅನ್ನುವ ಶಿಲೀಂಧ್ರನಾಶಕದ ನೀರಲ್ಲಿ ಅದ್ದಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿ ಇಡುತ್ತೇವೆ.

ಕಟ್ಟುವುದು ಅಂಥ ಬ್ರಹ್ಮವಿದ್ಯೆ ಅಲ್ಲ, ಆದರೆ ಚಾಕು ಬ್ಲೇಡಿನಂತಿರಬೇಕು. ಡಾಗ್‌ರಿಜ್ ಕಾಂಡವನ್ನು ನೆಲದಿಂದ ಒಂದು ಅಡಿಗಿಂತ ಸ್ವಲ್ಪ ಮೇಲೆ ಅಡ್ಡ ಕತ್ತರಿಸಿ, ನಡುವೆ ಎರಡು ಇಂಚಿನಷ್ಟು ಸೀಳು. ಎರಡು ಕಣ್ಣಿನ ಥಾಮ್ಸನ್ ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಬೆಣೆ ಹಾಗೆ ಹೆರೆದು ಒಳಗೆ ಕೂಡಿಸುವುದು. ದಪ್ಪ ಎರಡರದ್ದೂ ಒಂದೇ ಇದ್ದರೆ ಚೆನ್ನ, ಇಲ್ಲದಿದ್ದರೆ ಒಂದು ಬದಿಯಾದರೂ ತೊಗಟೆಗೆ ತೊಗಟೆ ಸರಿಯಾಗಿ ಕೂಡಬೇಕು, ಯಾಕಂದರೆ ಬೆಸೆಯುವುದು ತೊಗಟೆಯ ಕೆಳಗಿನ ಆ ತೆಳು ಹಸಿರು ಪದರ. ಆಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುವುದು. ಹದಿನೈದು ಇಪ್ಪತ್ತು ದಿನಕ್ಕೆ ಕಣ್ಣು ಒಡೆಯುತ್ತದೆ. ಕೆಳಗಿನಿಂದ ಡಾಗ್‌ರಿಜ್ ಚಿಗುರು ಬರುತ್ತಲೇ ಇರುತ್ತದೆ, ವಾರಕ್ಕೊಮ್ಮೆ ಮುರಿಯದಿದ್ದರೆ ಊಟವೆಲ್ಲ ಅದಕ್ಕೇ. ಪಟ್ಟಿ ಬಿಚ್ಚುವುದನ್ನೂ ಮರೆಯಬಾರದು, ಕಾಂಡ ದಪ್ಪ ಆದಂತೆ ಅದೇ ಕುತ್ತಿಗೆ ಹಿಚುಕುತ್ತದೆ.

ಅಸಲಿ ಪಾಠ ಐದು ವರ್ಷದ ಮೇಲೆ. ಹೊಲದ ತಗ್ಗಿನ ಎರೆ ಭಾಗದಲ್ಲಿ ಕಸಿ ಗಿಡಗಳ ಎಲೆಯೂ ಅಂಚಿನಲ್ಲಿ ಕಪ್ಪಾಗತೊಡಗಿತು. ಕಸಿ ಮಾಡಿದ್ದೇ ಇದಕ್ಕಲ್ಲವಾ ಅಂತ ಸಿಟ್ಟು ಬಂತು. ಏಪ್ರಿಲ್ ಚಾಟಣಿ (ಬಳ್ಳಿ ಸವರುವುದು) ಆದ 45 ದಿನಕ್ಕೆ ಎಲೆ ತೊಟ್ಟು ಪರೀಕ್ಷೆಗೆ ಕೊಟ್ಟೆ: ಸೋಡಿಯಂ ಜಾಸ್ತಿ, ಪೊಟ್ಯಾಷ್ ಕಡಿಮೆ. ನೀರಲ್ಲಿ ಉಪ್ಪು ಎಷ್ಟಿದೆ ಅಂತ ತೋರಿಸುವ ಇ.ಸಿ. ಕೂಡ 2 ದಾಟಿತ್ತು. ಡಾಗ್‌ರಿಜ್ ಬರಕ್ಕೆ ಗಟ್ಟಿ ನಿಜ, ಆದರೆ ನೀರಲ್ಲಿ ಸೋಡಿಯಂ ಇದ್ದರೆ ಅದನ್ನೂ ಎಳೆದು ಮೇಲೆ ಕಳಿಸುತ್ತದೆ. ಆ ವಿಷಯದಲ್ಲಿ 110ಆರ್ ಅನ್ನುವ ಇನ್ನೊಂದು ರೂಟ್‌ಸ್ಟಾಕ್ ವಾಸಿ, ಸೋಡಿಯಂ ಕಡಿಮೆ ಎಳೆಯುತ್ತದೆ. ನಾನು ಸಸಿ ಕೊಳ್ಳುವ ಮೊದಲು ಪಕ್ಕದವರ ಪಡ ನೋಡಿದ್ದೆ, ನನ್ನ ಬೋರಿನ ನೀರು ನೋಡಿರಲಿಲ್ಲ. ಮಣ್ಣು ಮತ್ತು ನೀರಿನ ಪರೀಕ್ಷೆ ಮೊದಲೇ ಮಾಡಿಸಬೇಕಿತ್ತು.

ಎರಡನೇ ಎಕರೆಗೆ 110ಆರ್ ಹಚ್ಚಿದೆ. ನಮ್ಮಲ್ಲಿ ಅದು ನಿಧಾನ, ಮೊದಲ ಸೆಪ್ಟೆಂಬರಿಗೆ ಅರ್ಧ ಗಿಡ ಕಸಿ ದಪ್ಪಕ್ಕೆ ಬರಲಿಲ್ಲ, ಮುಂದಿನ ವರ್ಷ ಕಟ್ಟಬೇಕಾಯಿತು. ಮೇಲಾಗಿ ನರ್ಸರಿಯವರು ಕೊಟ್ಟ ಸಸಿಯಲ್ಲಿ ಡಾಗ್‌ರಿಜ್ ಬೆರಕೆ ಇತ್ತು. ಎಲೆ ನೋಡಿದರೆ ಗೊತ್ತಾಗುತ್ತದೆ: 110ಆರ್ ಎಲೆ ನುಣುಪು, ಹೊಳಪು. ಡಾಗ್‌ರಿಜ್ ಎಳೆ ಎಲೆಯ ಕೆಳಗೆ ಜೇಡರ ಬಲೆಯಂಥ ಬಿಳಿ ನೂಲು. ಎಲೆ ಬಿಟ್ಟ ಸಸಿಯನ್ನೇ ಕೇಳಿ ತನ್ನಿ.

ಇನ್ನೊಂದು. ಹಿತ್ತಲ ತಗ್ಗಿನಲ್ಲಿ ಮಳೆನೀರು ನಿಂತು ಟೊಮ್ಯಾಟೊ ಪ್ರತಿ ಸಲ ಬಾಡುತ್ತಿತ್ತು, ಪಕ್ಕದ ಬದನೆಗೆ ಏನೂ ಆಗುತ್ತಿರಲಿಲ್ಲ. ನಮ್ಮ ಮನೆಯವಳು, "ದ್ರಾಕ್ಷಿಗಿ ಕಟ್ಟತೀರಿ, ಇದಕ್ಕ ಯಾಕ ಕಟ್ಟಂಗಿಲ್ಲ?" ಅಂದಳು. ಬದನೆ ಬೀಜ ಒಂದು ವಾರ ಮೊದಲು ಹಾಕಿ, ಎರಡೂ ಸಸಿ ಒಂದೇ ದಪ್ಪಕ್ಕೆ ಬಂದಾಗ ಓರೆಯಾಗಿ ಕೊಯ್ದು, ಸೀಳಿದ ಸೈಕಲ್ ವಾಲ್‌ಟ್ಯೂಬ್ ತುಂಡಿನಿಂದ ಹಿಡಿಸಿದೆ. ಮೂರು ದಿನ ಕತ್ತಲಲ್ಲಿ, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯ ಕೆಳಗೆ. ಆಮೇಲೆ ನಿಧಾನಕ್ಕೆ ಬೆಳಕು. 40ರಲ್ಲಿ 26 ಬದುಕಿದವು. ನೆಡುವಾಗ ಅಭ್ಯಾಸಬಲದಿಂದ ನಾಲ್ಕಾರು ಸಸಿಗಳ ಕಸಿ ಕೂಡಿದ ಗಂಟಿನ ಮೇಲೂ ಮಣ್ಣು ಏರಿಸಿಬಿಟ್ಟೆ. ಟೊಮ್ಯಾಟೊ ಕಾಂಡ ಮಣ್ಣು ಸಿಕ್ಕ ಕೂಡಲೇ ತನ್ನದೇ ಬೇರು ಬಿಟ್ಟಿತು, ಮಳೆ ನಿಂತಾಗ ಅವು ಮೊದಲಿನಂತೆ ಬಾಡಿದವು. ಉಳಿದವು ಕಾಯಿ ಕೊಟ್ಟವು. ಅದನ್ನು ನೋಡಿ ಪಡಕ್ಕೆ ಓಡಿದೆ, ಟ್ರ್ಯಾಕ್ಟರ್ ಮಣ್ಣು ಏರಿಸಿದ ಸಾಲಲ್ಲಿ ದ್ರಾಕ್ಷಿ ಗಂಟುಗಳೂ ಹೂತಿದ್ದವು. ಎರಡು ದಿನ ಕೂತು ಸಲಿಕೆಯಿಂದ ಬಿಡಿಸಿದೆ.