ಸಿಂಗಾಪುರದ ಮೇಲೆ ಅಮೆರಿಕ: ನನ್ನ ಗ್ಲೋಬ್ ಲೆಕ್ಕ

ಹುಬ್ಬಳ್ಳಿಯಲ್ಲಿ ಟಿಕೆಟ್ ಮಾಡಿಕೊಡುವ ಗೆಳೆಯರು ನನ್ನ ಟೇಬಲ್ ಮೇಲಿನ ಗ್ಲೋಬ್ ನೋಡಿ ನಗುತ್ತಿದ್ದರು. "ಫೋನಿನ್ಯಾಗ ಎಲ್ಲಾ ಸಿಗತೈತಲ್ಲೋ" ಅನ್ನುತ್ತಿದ್ದರು. ಸಿಗುತ್ತದೆ, ನಿಜ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ಮಗನ ಮನೆಗೆ ಹೊರಟ ಗದಗದ ದಂಪತಿಗೆ "ಸಿಂಗಾಪುರದ ಮೇಲೆ ಹೋಗಿ" ಅಂದರೆ ಫೋನ್ ತೋರಿಸಿದರೂ ನಂಬುವುದಿಲ್ಲ. ಅಮೆರಿಕ ಪಶ್ಚಿಮಕ್ಕಲ್ವಾ, ಪೂರ್ವಕ್ಕೆ ಯಾಕೆ ಕಳಿಸ್ತೀರಿ ಅಂತ ಕೇಳುತ್ತಾರೆ.

ಗ್ಲೋಬ್ ಮೇಲೆ ದೂರ ಅಳೆಯಲು ಮೊದಲು ಹೊಲಿಗೆ ದಾರ ಬಳಸಿದೆ. ಎಳೆದಷ್ಟೂ ಉದ್ದವಾಗುತ್ತಿತ್ತು. ನಾನ್ನೂರು ರೂಪಾಯಿಯ ಎಂಟು ಇಂಚಿನ ಗ್ಲೋಬ್ ಸುಮ್ನೆ ದಂಡ. ಅದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅರವತ್ತು ಕಿ.ಮೀ. ಹೋಯಿತು. ಕೊನೆಗೆ ಎರಡು ಸಾವಿರ ಸುರಿದು ಹನ್ನೆರಡು ಇಂಚಿನದು ತಂದೆ. ದಾರ ಬಿಟ್ಟು ಬಿಲ್ ಮಷಿನ್ ರೋಲನ್ನು ಸಣ್ಣಗೆ ಸೀಳಿ ಹಿಡಿದೆ. ಕಾಗದ ಹಿಗ್ಗುವುದಿಲ್ಲ. ಪಟ್ಟಿ ಆಚೀಚೆ ಸುಕ್ಕಾಗದೆ ಕೂತರೆ ಅದೇ ಹತ್ತಿರದ ದಾರಿ. ಅದನ್ನು ಸಮಭಾಜಕದ ಮೇಲಿಟ್ಟು ಡಿಗ್ರಿ ಓದಿ, 111ರಿಂದ ಗುಣಿಸಿ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರವಾಗಿ 126 ಡಿಗ್ರಿ, ಅಂದರೆ ಸುಮಾರು 14,000 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500ರ ಹತ್ತಿರ. ಸಿಂಗಾಪುರದ ಮೇಲೆ 16,750 ಇರಬಹುದು. "ಉಲ್ಟಾ ದಾರಿ"ಗೂ "ಸರಿ ದಾರಿ"ಗೂ ಇರುವ ವ್ಯತ್ಯಾಸ ಇಷ್ಟೇ! ಸಮಯಕ್ಕೆ ಗಂಟೆಗೆ 850 ಕಿ.ಮೀ. ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಮೇಲಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಸಿಂಗಾಪುರದಿಂದ ಆಚೆ ಹೋಗಲು 15 ಗಂಟೆಯ ಆಸುಪಾಸು ಸಾಕು, ಬರುವಾಗ 17 ದಾಟುತ್ತದೆ. ಯಾವ ತಿಂಗಳು ಗಾಳಿಗೆ ಎಷ್ಟು ಕಳೆಯಬೇಕು ಅನ್ನುವ ಪಟ್ಟಿ ನನ್ನ ಡೈರಿಯಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ದಂಪತಿ ಕೊನೆಗೆ ಒಪ್ಪಿದರು. ಆ ತಾರೀಖಿಗೆ ತಲೆಗೆ ಹದಿನೈದು ಸಾವಿರ ಉಳಿಯಿತು ಅಂತ ನೆನಪು. ನಾನು ಹೇಳಿದ ಹೊತ್ತಿಗೂ ಅವರು ಇಳಿದ ಹೊತ್ತಿಗೂ ಕಾಲು ಗಂಟೆ ಫರಕು ಬಂದಿರಬೇಕು, ಅಷ್ಟೇ. ಈಗ ನಕ್ಕವರೇ ಫೋನ್ ಮಾಡಿ ಕೇಳುತ್ತಾರೆ.

ಹುಬ್ಬಳ್ಳಿ–ಬೆಂಗಳೂರಿಗೂ ಇದನ್ನೇ ಹಚ್ಚಿ ನೋಡಿದೆ. 370 ಕಿ.ಮೀ.ಗೆ ಐವತ್ತೈದು ನಿಮಿಷ ಬಂತು. ನಿಜವಾದ ಹೊತ್ತಿಗೆ ಹೊಂದಲಿಲ್ಲ. ಎಟಿಆರ್ ಪಂಖದ ವಿಮಾನ ಅಲ್ವಾ, ಅದಕ್ಕೆ 500 ಹಿಡಿಯಬೇಕು. ಆಗ ಒಂದೂಕಾಲು ಗಂಟೆ ಆಗುತ್ತದೆ. ಆದರೆ ಈ ಒಂದೂಕಾಲು ಗಂಟೆಯೇ ದುಡ್ಡು ತಿನ್ನುತ್ತದೆ. ನನ್ನ ಗಿರಾಕಿಯೊಬ್ಬರು ಹಟ ಹಿಡಿದು ಇದಕ್ಕೆ ವಿದೇಶದ ಟಿಕೆಟ್‌ಗೆ ಸೇರಿಸದೆ ಬೇರೆಯೇ ಟಿಕೆಟ್ ಮಾಡಿಸಿದರು. ವಿಮಾನ ತಡವಾಯಿತು, ಮುಂದಿನ ಟಿಕೆಟ್ ಪೂರ್ತಿ ಹೋಯಿತು. ಒಂದು ಲಕ್ಷದ ಹತ್ತಿರ. ಈ ಕಂಪನಿ ಆ ಕಂಪನಿಯತ್ತ ಕೈ ತೋರಿಸಿತು. ಈಗ ಒಂದೇ ಟಿಕೆಟ್‌ನಲ್ಲಿ ಸಿಗದಿದ್ದರೆ ಹಿಂದಿನ ದಿನದ ವಂದೇ ಭಾರತ್ ಹತ್ತಿಸುತ್ತೇನೆ. ಲಾಡ್ಜ್ ಖರ್ಚು ಜಾಸ್ತಿ ಅಂದವರಿಗೆ ಈ ಕಥೆ ಹೇಳುತ್ತೇನೆ.

ನ್ಯೂಯಾರ್ಕ್ ಕೇಳಿದವರಿಗೆ ಮಾತ್ರ ಸಿಂಗಾಪುರ ತೋರಿಸಬೇಡಿ. ಫ್ರಾಂಕ್‌ಫರ್ಟ್ ಮೇಲೆ 13,600, ಸಿಂಗಾಪುರದ ಮೇಲೆ 18,500 ಆಗುತ್ತದೆ. ಎಷ್ಟೇ ಅಗ್ಗ ಸಿಕ್ಕರೂ ವಯಸ್ಸಾದವರನ್ನು ಅಷ್ಟು ಹೊತ್ತು ಸೀಟಿನಲ್ಲಿ ಕೂರಿಸಬಾರದು.