ಜಗಳದ ಮರುದಿನ ಬೆಳಿಗ್ಗೆ ಕಾಫಿ ಕೊಟ್ಟವರು ಯಾರು?

ಸಂಸಾರ ಉಳಿಸಿಕೊಳ್ಳಬೇಕೋ, ಬೇರೆಯಾಗಬೇಕೋ ಎಂಬ ತೀರ್ಮಾನವನ್ನು ಜುಲೈ ತಿಂಗಳಲ್ಲಿ ಮಾಡಬೇಡಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಕೊಡಗಿನಲ್ಲಿ, ಭಾಗಮಂಡಲದ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಕರೆಂಟಿರುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಇಬ್ಬರೂ ಒಂದೇ ಒಲೆಯ ಮುಂದೆ ಮುಖ ಮುಖ ನೋಡಿಕೊಂಡು ಕೂತಿರಬೇಕು, ಆಗ ಎಂಥ ಗಂಡ ಹೆಂಡತಿಗೂ ಜಗಳ ಬರುತ್ತದೆ. ಜನವರಿಯೂ ಬೇಡ. ಕೊಯ್ಲಿಗೆ ಆಳು ಸಿಕ್ಕಿರುವುದಿಲ್ಲ, ಕಣದಲ್ಲಿ ಕಾಫಿ ಹರಡಿದ ದಿನವೇ ಮೋಡ ಕಟ್ಟುತ್ತದೆ. ಉಳಿದ ತಿಂಗಳಲ್ಲೂ ಮಾತು ಮಾತಿಗೆ ನೋಯಿಸಿಕೊಳ್ಳುತ್ತಿದ್ದೀರಾ? ಹಾಗಾದರೆ ಮುಂದೆ ಓದಿ.

ಮೊದಲು, ಭಯ ಇದೆಯಾ ನೋಡಿ

ಕೈ ಎತ್ತುವುದು, ಬೆದರಿಸುವುದು, ದುಡ್ಡು ಕಿತ್ತುಕೊಳ್ಳುವುದು ಇದ್ದರೆ ಅದಕ್ಕೆ ಜಗಳ ಅನ್ನಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇರುತ್ತದೆ. ಸಿಟ್ಟಿನಲ್ಲಿ ಒಮ್ಮೆಯಾದರೂ ಕೋವಿಯ ಮಾತು ಬಂದಿದ್ದರೆ ಸಂಸಾರ ಸರಿಹೋಗುತ್ತದಾ ಎಂದು ಯೋಚಿಸುತ್ತಾ ಕೂರಬೇಡಿ, ಮೊದಲು ಅಲ್ಲಿಂದ ಹೊರಡಿ. ಮಹಿಳೆಯರಿಗೆ 181 ಸಹಾಯವಾಣಿ ಇದೆ, ತುರ್ತಿಗೆ 112. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆ ಮಾತಿನ ಹಿಂಸೆಯನ್ನೂ ದುಡ್ಡಿನ ಹಿಂಸೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಆಮೇಲೆ, ಮೂರು ತಿಂಗಳು ಬರೆಯಿರಿ

ತೋಟದವರು ಮಳೆ ಲೆಕ್ಕ ಬರೆಯುತ್ತಾರಲ್ಲ, ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ, ಹಾಗೆ. ತಾರೀಖು, ವಿಷಯ, ಚುಚ್ಚಿದ ಮಾತು, ಮತ್ತೆ ಮೊದಲು ಮಾತಾಡಿಸಿದ್ದು ಯಾರು, ಎಷ್ಟು ಹೊತ್ತಿಗೆ. ಯಾರದು ಸರಿ ಎಂದು ಮಾತ್ರ ಬರೆಯಬೇಡಿ, ಅದಕ್ಕೇ ಇನ್ನೊಂದು ಜಗಳವಾಗುತ್ತದೆ.

ನಾವು ಬರೆದಾಗ ಮೂರು ತಿಂಗಳಿಗೆ ಹನ್ನೆರಡು ಜಗಳ. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಮಾತಾಡಿಸಿದ್ದು ಹನ್ನೊಂದು ಸಲ ನನ್ನ ಹೆಂಡತಿಯೇ. ನಮ್ಮದು ಬೇಗ ರಾಜಿಯಾಗುವ ಮನೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದವನು ನಾನು! ರಾಜಿ ಆಗುತ್ತಿದ್ದದ್ದು ಒಬ್ಬಳೇ. ಸುಸ್ತಾಗದೆ ಇರುತ್ತದಾ?

ಬರೆದದ್ದನ್ನು ಓದುವಾಗ ತಾತ್ಸಾರ ಹುಡುಕಿ. ಅಮೆರಿಕದ ಜಾನ್ ಗಾಟ್‌ಮನ್ ಎಂಬ ಮನಃಶಾಸ್ತ್ರಜ್ಞರು ದಂಪತಿಗಳ ಮಾತುಕತೆಯನ್ನೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಮದುವೆಯನ್ನು ಜಾಸ್ತಿ ಕೆಡಿಸುವುದು ತಾತ್ಸಾರ ಎನ್ನುತ್ತಾರೆ ಅವರು. 'ಗೇಟ್ ಹಾಕಲಿಲ್ಲ, ಹಂದಿ ನುಗ್ಗಿತು' ಅಂದರೆ ದೂರು. 'ನೀನು ಯಾವತ್ತೂ ಹೀಗೇ' ಅಂದರೆ ಟೀಕೆ. 'ನಿಮ್ಮ ಮನೆಯವರ ಬುದ್ಧಿಯೇ ಇಷ್ಟು' ಅಂತ ಮೂತಿ ತಿರುವಿದರೆ ತಾತ್ಸಾರ. ವಿಷಯ ಬಗೆಹರಿದಿಲ್ಲ ಎಂದು ಹೆದರಬೇಡಿ. ದಂಪತಿಗಳ ತಕರಾರುಗಳಲ್ಲಿ ಶೇಕಡ 69ರಷ್ಟು ಬಗೆಹರಿಯುವಂಥವೇ ಅಲ್ಲ ಎಂಬುದೂ ಅವರದೇ ಲೆಕ್ಕ.

ಜಗಳ ಏರಿದಾಗ ನಿಲ್ಲಿಸಿ ನೋಡಿ

ಎದೆಬಡಿತ ನಿಮಿಷಕ್ಕೆ ನೂರು ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ. ಕಮ್ಮಿ ಅಂದರೂ ಇಪ್ಪತ್ತು ನಿಮಿಷ ದೂರ ಇರಿ. ಆದರೆ ವಾಪಸ್ ಬರುವ ಹೊತ್ತು ಹೇಳಿ ಹೋಗಿ, ಹೇಳದೆ ಹೋದರೆ ಬಾಗಿಲು ಬಡಿದು ಹೋದ ಹಾಗೇ. (ಆನೆ ಓಡಾಡುವ ಕಡೆಯವರು ಕತ್ತಲಾದ ಮೇಲೆ ತೋಟಕ್ಕೆ ಇಳಿಯಬೇಡಿ, ಅಂಗಳದಲ್ಲೇ ಸುತ್ತು ಹಾಕಿ.) ಹೇಳಿದ ಹೊತ್ತಿಗೆ ಇಬ್ಬರೂ ಬಂದು ಕೂರುತ್ತೀರಾ ಎನ್ನುವುದನ್ನೂ ಪುಸ್ತಕಕ್ಕೆ ಸೇರಿಸಿ.

ಮೂರನೆಯವರು ಬೇಕಾದರೆ ನೆಂಟರನ್ನು ಬಿಡಿ. ಅವರಿಗೆ ಒಂದು ಪಕ್ಷ ಇದ್ದೇ ಇರುತ್ತದೆ, ಮೇಲಾಗಿ ಸುದ್ದಿ ನಿಮಗಿಂತ ಮೊದಲು ಗೋಣಿಕೊಪ್ಪದ ಸಂತೆ ಮುಟ್ಟುತ್ತದೆ. ಆಪ್ತ ಸಲಹೆಗಾರರ ಹತ್ತಿರ ಇಬ್ಬರೂ ಹೋಗಿ. ಒಬ್ಬರೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ.

ತೀರ್ಮಾನ

ಮೂರು ತಿಂಗಳ ಕೊನೆಗೆ ತಾತ್ಸಾರ ಕಮ್ಮಿಯಾಗಿದೆ, ಮಾತಾಡಿಸಲು ಇಬ್ಬರೂ ಬರುತ್ತಿದ್ದಾರೆ ಅಂದರೆ ಇನ್ನೂ ಮೂರು ತಿಂಗಳು ಕೊಡಿ. ನಾವು ಕೊಟ್ಟೆವು. ಒಬ್ಬರೇ ಬರುತ್ತಿದ್ದು, ಇನ್ನೊಬ್ಬರಿಗೆ ಅದನ್ನು ತೋರಿಸಿದ ಮೇಲೂ ಏನೂ ಅನ್ನಿಸದಿದ್ದರೆ ಆ ಸಂಸಾರ ಎದ್ದು ನಿಲ್ಲುವುದು ಕಷ್ಟ ಎಂದೇ ನನ್ನ ಲೆಕ್ಕ. ಮಕ್ಕಳಿಗೋಸ್ಕರ ಎಳೆಯುವುದೂ ನನಗೆ ಸರಿ ಕಾಣುವುದಿಲ್ಲ, ರಾತ್ರಿ ಪಕ್ಕದ ಕೋಣೆಯಲ್ಲಿ ಎದ್ದಿರುವುದು ಅವರೇ ಅಲ್ವಾ?

ಬೇರೆಯಾಗುವುದಾದರೆ, 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಲು ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ರಾಜಿಗೆ ದಾರಿಯೇ ಇಲ್ಲದಂಥ ಸಂದರ್ಭದಲ್ಲಿ ಕೋರ್ಟು ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ.