ಕೆಟ್ಟು ನಿಂತ ಪ್ಯಾಂಥರ್ ಎಳೆಸಿದ ಅನುಭವ

ಎರಡನೇ ಮಹಾಯುದ್ಧದ ಟ್ಯಾಂಕುಗಳ ಪುಟ್ಟ ಪ್ಲಾಸ್ಟಿಕ್ ಮಾದರಿ ಜೋಡಿಸಿ ದೃಶ್ಯ ಕಟ್ಟುವುದು ನನ್ನ ಹವ್ಯಾಸ. ಈ ಸಲ ಕಟ್ಟಿದ್ದು ಕೆಟ್ಟು ನಿಂತ ಜರ್ಮನ್ ಪ್ಯಾಂಥರ್ ಟ್ಯಾಂಕನ್ನು ಎಳೆಯುವ ದೃಶ್ಯ. ಮೊದಲು ನಾನು ಮಾಡಹೊರಟಿದ್ದು ಜರ್ಮನರದೇ ಟೈಗರ್ ಟ್ಯಾಂಕ್. ಕೆಟ್ಟು ನಿಂತ ಟೈಗರ್, ಅದರ ಮುಂದೆ ಸಾಲಾಗಿ ಕಟ್ಟಿದ ಮೂರು ಫಾಮೋ ಗಾಡಿಗಳು. ಜರ್ಮನ್ ಸೇನೆಯ ಅರೆಚೈನಿನ (ಮುಂದೆ ಗಾಲಿ, ಹಿಂದೆ ಟ್ಯಾಂಕಿನಂತೆ ಚೈನು ಇರುವ) ಗಾಡಿಗಳಲ್ಲೆಲ್ಲ ಫಾಮೋನೇ ದೊಡ್ಡದು. ಆದರೂ ಅದಕ್ಕೆ ಎಳೆಯಲೆಂದು ಲೆಕ್ಕ ಹಾಕಿ ಕೊಟ್ಟಿದ್ದ ಹೊರೆ 18 ಟನ್. ಟೈಗರ್ ತೂಗುತ್ತಿದ್ದದ್ದು 57 ಟನ್. ಹಾಗಾಗಿ ಒಂದು ಟೈಗರಿಗೆ ಮೂರು ಫಾಮೋ ಬೇಕಾಗುತ್ತಿತ್ತು, ನೆಲ ಹದಗೆಟ್ಟಿದ್ದರೆ ಅದೂ ಸಾಲುತ್ತಿರಲಿಲ್ಲ. ಒಂದು ಟೈಗರಿನಿಂದ ಇನ್ನೊಂದನ್ನು ಎಳೆಯಬಾರದು ಎಂಬ ಆಜ್ಞೆಯಿತ್ತು, ಏಕೆಂದರೆ ಎಳೆಯಹೋದದ್ದರ ಗೇರ್‌ಬಾಕ್ಸೂ ಹೋಗಿ ಎರಡೂ ದಾರಿಯಲ್ಲೇ ಕೂರುತ್ತಿದ್ದವು. ಆದರೂ ಶತ್ರು ಹತ್ತಿರ ಬಂದಾಗ ಆಜ್ಞೆಯನ್ನು ಬದಿಗಿಟ್ಟು ಎಳೆದವರಿದ್ದರು.

1:35 ಅಳತೆಯಲ್ಲಿ, ಅಂದರೆ ನಿಜದ ಗಾಡಿಯ ಮೂವತ್ತೈದನೇ ಒಂದು ಪಾಲಿನಲ್ಲಿ, ಒಂದು ಫಾಮೋ ಸುಮಾರು 24 ಸೆಂ.ಮೀ. ಉದ್ದ. ಮೂರು ಫಾಮೋ, ಒಂದು ಟೈಗರ್, ನಡುವಿನ ಹಗ್ಗಗಳು ಎಲ್ಲ ಸೇರಿ ಒಂದು ಮೀಟರ್ ದಾಟಿತು. ನನ್ನ ಮೇಜಿನ ಮೇಲೆ ಅಷ್ಟು ಜಾಗವಿಲ್ಲ. ಅದಕ್ಕೇ ಬೆರ್ಗೆಪ್ಯಾಂಥರ್ ಕಡೆ ಹೊರಳಿದೆ. ಕೆಟ್ಟ ಟ್ಯಾಂಕುಗಳನ್ನು ಎಳೆದೊಯ್ಯುವ ಇದು ಪ್ಯಾಂಥರ್ ಟ್ಯಾಂಕೇ. ಮೇಲಿನ ತೋಪುಗೋಪುರ ತೆಗೆದು, ಹೊಟ್ಟೆಯೊಳಗೆ 40 ಟನ್ ಜಗ್ಗುವ ವಿಂಚ್ ಕೂರಿಸಿ, ಹಿಂಬದಿಗೆ ನೆಲಕ್ಕೆ ಊರುವ ದೊಡ್ಡ ಸಲಿಕೆಯಂಥ ಉಕ್ಕಿನ ಹಲಗೆ ಜೋಡಿಸಿರುತ್ತಾರೆ. 1943ರಿಂದ ಯುದ್ಧ ಮುಗಿಯುವವರೆಗೆ ತಯಾರಾದದ್ದು ಮುನ್ನೂರು ಚಿಲ್ಲರೆ ಮಾತ್ರ. ಎಳೆಯುವುದಕ್ಕೆ ಮೆಂಗ್ ಕಂಪನಿಯ ಬೆರ್ಗೆಪ್ಯಾಂಥರ್ ಕಿಟ್ (ಜೋಡಿಸುವ ಬಿಡಿಭಾಗಗಳ ಪೆಟ್ಟಿಗೆ), ಎಳೆಸಿಕೊಳ್ಳುವುದಕ್ಕೆ ಟಾಕಮ್‌ನ ಪ್ಯಾಂಥರ್ 'ಎ' ಮಾದರಿಯ ಕಿಟ್ ತರಿಸಿದೆ.

ಕಿಟ್ ಬಿಚ್ಚುವ ಮೊದಲೇ ತೀರ್ಮಾನಿಸಬೇಕಾದದ್ದು ಒಂದಿದೆ: ಟ್ಯಾಂಕಿಗೆ ಏನಾಗಿದೆ? ಬಹಳ ಜನ ಇದನ್ನು ಕೇಳಿಕೊಳ್ಳುವುದೇ ಇಲ್ಲ, ಹಗ್ಗ ಕಟ್ಟಿ ಬಿಡುತ್ತಾರೆ. ನಾನು ಆರಿಸಿಕೊಂಡದ್ದು ಫೈನಲ್ ಡ್ರೈವ್ ಮುರಿದ ಪ್ಯಾಂಥರ್. ಗೇರ್‌ಬಾಕ್ಸಿನ ಬಲವನ್ನು ಚೈನಿನ ಹಲ್ಲಿನ ಗಾಲಿಗೆ ಮುಟ್ಟಿಸುವ ಕೊನೆಯ ಗೇರುಗಳಿವು. ಪ್ಯಾಂಥರಿನ ಜೀವ ಹೋಗುತ್ತಿದ್ದದ್ದೇ ಇಲ್ಲಿ. ಯುದ್ಧದ ನಂತರ ಪ್ಯಾಂಥರ್‌ಗಳನ್ನು ಬಳಸಿದ ಫ್ರೆಂಚ್ ಸೇನೆ 1947ರ ವರದಿಯಲ್ಲಿ ಈ ಗೇರುಗಳ ಬಾಳಿಕೆ 150 ಕಿ.ಮೀ. ಎಂದು ಬರೆದಿದೆ.

ಎಡಗಡೆಯ ಫೈನಲ್ ಡ್ರೈವ್ ಕಚ್ಚಿಕೊಂಡಿದೆ ಅಂದುಕೊಳ್ಳಿ. ಹಲ್ಲಿನ ಗಾಲಿ ತಿರುಗದು, ಅದರ ಮೇಲಿನ ಚೈನೂ ತಿರುಗದು, ಎಳೆದರೆ ಟ್ಯಾಂಕು ಕೊರಡಿನ ಹಾಗೆ ನೆಲ ಕೆತ್ತಿಕೊಂಡು ಬರುತ್ತದೆ. ಅದಕ್ಕೇ ಆ ಬದಿಯ ಚೈನು ಬಿಚ್ಚಬೇಕು. ಬಿಚ್ಚಿದರೆ ಬರಿಗಾಲಿ ಕೆಸರಿನಲ್ಲಿ ಹೂಳುತ್ತದೆ, ಆ ಬದಿ ತಗ್ಗುತ್ತದೆ. ಆ ಬದಿಗೆ ಬ್ರೇಕೂ ಇರುವುದಿಲ್ಲ. ಇಳಿಜಾರಿನಲ್ಲಿ ಬರೀ ಹಗ್ಗ ಕಟ್ಟಿ ಎಳೆದರೆ ಹಿಂದಿನ 45 ಟನ್ ಬಂದು ಮುಂದಿನದಕ್ಕೆ ಗುದ್ದುತ್ತದೆ. ಅಂಥ ಕಡೆ ಗಟ್ಟಿ ಉಕ್ಕಿನ ಬಾರ್ ಬೇಕು. ನನಗೆ ಬೇಕಿದ್ದದ್ದು ಹಗ್ಗ, ಆದ್ದರಿಂದ ನೆಲವನ್ನು ಸ್ವಲ್ಪ ಏರು ಮಾಡಿದೆ. ಹೀಗೆ ಒಂದು ಮುರಿದ ಗೇರು ನನ್ನ ಇಡೀ ದೃಶ್ಯವನ್ನು ತೀರ್ಮಾನಿಸಿತು.

ಮೊದಲ ಸಲ ಜೋಡಿಸಿದಾಗ ಎಲ್ಲ ಸರಿಯಿದ್ದೂ ಏನೋ ತಪ್ಪಿತ್ತು. ಎರಡು ಟ್ಯಾಂಕ್ ಒಂದರ ಹಿಂದೊಂದು ನಿಂತಿದ್ದವು, ಅಷ್ಟೆ. ಎಳೆತ ಇರಲಿಲ್ಲ. ಅದು ಎಲ್ಲಿರುತ್ತದೆ ಎಂದು ತಿಳಿದದ್ದು ಮುಧೋಳದ ಹತ್ತಿರ ಕಾಕಾನ ಹೊಲದಲ್ಲಿ. ಕಬ್ಬಿನ ಟ್ರಾಕ್ಟರ್ ಎರೆಮಣ್ಣಿನೊಳಗೆ ಹೂತಿತ್ತು, ಇನ್ನೊಂದು ಟ್ರಾಕ್ಟರ್ ತಂದು ವೈರ್ ರೋಪ್ ಕಟ್ಟಿದರು. "ದೂರ ಸರಿಯೋ ತಮ್ಮಾ, ಹಗ್ಗ ಹರೀತಂದ್ರ ಕಾಲು ಹೊಕ್ಕಾವ" ಎಂದು ಕಾಕಾ ನನ್ನನ್ನು ಬದುವಿನ ಮೇಲಕ್ಕೆ ಕಳಿಸಿದ. ಅಲ್ಲಿಂದ ನೋಡಿದೆ. ಹಗ್ಗ ಮೊದಲು ನೆಲದಿಂದ ಎದ್ದಿತು, ನೇರವಾಯಿತು, ಅದಕ್ಕೆ ಅಂಟಿದ್ದ ರಾಡಿ ಚಿಮ್ಮಿ ಉದುರಿತು. ಆಮೇಲೆ ಎಳೆಯುವ ಟ್ರಾಕ್ಟರಿನ ಹಿಂಬದಿ ಕುಕ್ಕರಿಸಿತು, ಮುಂದಿನ ಗಾಲಿ ಹಗುರಾಯಿತು. ಹೂತ ಟ್ರಾಕ್ಟರ್ ಇನ್ನೂ ಒಂದು ಅಂಗುಲವೂ ಕದಲಿರಲಿಲ್ಲ. ನಾನು ಮಾಡಬೇಕಾದ ಕ್ಷಣ ಅದೇ ಎಂದು ಆಗ ಹೊಳೆಯಿತು.

ಊರಿಂದ ಬಂದವನೇ ಬೆರ್ಗೆಪ್ಯಾಂಥರಿನ ಗಾಲಿಗಳನ್ನು ಕಿತ್ತೆ. ಕಿಟ್‌ನಲ್ಲಿ ಗಾಲಿಯ ತೋಳುಗಳು ಒಂದೇ ಮಟ್ಟದಲ್ಲಿ ಕೂರುವಂತೆ ಚಿಕ್ಕ ಗೂಟ ಕೊಟ್ಟಿರುತ್ತಾರೆ, ಅದನ್ನು ಕತ್ತರಿಸಿದೆ. ಹಿಂದಿನ ಮೂರು ಜೋಡಿ ತೋಳುಗಳನ್ನು ಒಂದು ಮಿಲಿಮೀಟರಿನಷ್ಟು ಮೇಲೆತ್ತಿ, ಮುಂದಿನ ಎರಡನ್ನು ಅರ್ಧ ಮಿಲಿಮೀಟರ್ ಇಳಿಸಿ ಅಂಟಿಸಿದೆ. ಗಾಡಿ ಕುಕ್ಕರಿಸಿತು.

ಚೈನಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಲ್ಲಿ ನುರಿತವರೂ ತಪ್ಪುತ್ತಾರೆ. ಚೈನು ಮೇಲ್ಭಾಗದಲ್ಲಿ ಜೋತು ಬಿದ್ದಿದ್ದರೆ ಚೆಂದ ಎಂದು ಎಲ್ಲ ಮಾದರಿಗೂ ಜೋಲು ಕೊಡುತ್ತೇವೆ. ಪ್ಯಾಂಥರಿನ ಹಲ್ಲಿನ ಗಾಲಿ ಇರುವುದು ಮುಂಬದಿಯಲ್ಲಿ. ಅದು ಮುಂದಕ್ಕೆ ತಿರುಗುವಾಗ ಮೇಲಿನ ಚೈನನ್ನು ಹಿಂದಿನಿಂದ ತನ್ನ ಕಡೆಗೆ ಸೆಳೆಯುತ್ತದೆ. ಅಂದರೆ ಎಳೆಯುವ ಗಾಡಿಯ ಮೇಲಿನ ಚೈನು ತಂತಿಯ ಹಾಗೆ ಬಿಗಿದಿರಬೇಕು. ಸಡಿಲು ಏನಿದ್ದರೂ ಹಲ್ಲಿನ ಗಾಲಿಗೂ ಮೊದಲ ಗಾಲಿಗೂ ನಡುವೆ, ಮುಂಭಾಗದ ಕೆಳಗೆ. ಎಳೆಸಿಕೊಳ್ಳುವ ಪ್ಯಾಂಥರಿನ ಬಲಗಡೆ ಇದಕ್ಕೆ ತಿರುಗುಮುರುಗು. ಅಲ್ಲಿ ಚೈನನ್ನು ತಿರುಗಿಸುವುದು ನೆಲ, ತಡೆಯುವುದು ಹಲ್ಲಿನ ಗಾಲಿ. ಹಾಗಾಗಿ ಮೇಲೆ ಜೋಲು, ಮುಂದೆ ಬಿಗಿ. ಎರಡು ಗಾಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ದುಡಿಯುತ್ತಿದೆ, ಯಾವುದು ಹೊರೆಯಾಗಿದೆ ಎಂಬುದನ್ನು ಬರೀ ಚೈನೇ ಹೇಳುತ್ತದೆ. ಇದನ್ನು ಸರಿಪಡಿಸಿದ ದಿನ ನನಗಾದ ಸಂತೋಷ ಬಣ್ಣ ಹಚ್ಚಿದ ದಿನವೂ ಆಗಲಿಲ್ಲ.

ಹಗ್ಗಕ್ಕೆ ಕಿಟ್‌ನ ದಾರ ಬಳಸಲಿಲ್ಲ, ದಾರಕ್ಕೆ ಜುಂಗು ಏಳುತ್ತದೆ. ಹಳೆಯ ವಿದ್ಯುತ್ ವೈರಿನ ತಾಮ್ರದ ಎಳೆಗಳನ್ನು ಬಿಡಿಸಿ, ಒಂದರ ಸುತ್ತ ಆರು ಎಳೆ ಬರುವಂತೆ ಡ್ರಿಲ್ ಮಷಿನ್ನಿಗೆ ಕಚ್ಚಿಸಿ ಹೊಸೆದೆ. ದಪ್ಪ ಒಂದು ಮಿ.ಮೀ.ಗಿಂತ ಕೂದಲೆಳೆ ಕಡಿಮೆ. ತಾಮ್ರದಲ್ಲಿ ಒಂದು ಸಣ್ಣ ಸೊಟ್ಟ ಉಳಿದರೂ ಬಿಗಿತ ಸುಳ್ಳಾಗುತ್ತದೆ. ಒಂದು ತುದಿಯನ್ನು ವೈಸಿನಲ್ಲಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ತಂತಿ ಒಂಚೂರು ಉದ್ದವಾಗುವವರೆಗೆ ಜಗ್ಗಬೇಕು. ಬೆರಳಿಗೆ ಅದು ಸೋಲುವುದು ಗೊತ್ತಾಗುತ್ತದೆ. ಆಮೇಲೆ ಮೇಜಿನ ಮೇಲೆ ಉರುಳಿಸಿದರೆ ಕಡ್ಡಿಯ ಹಾಗೆ ಉರುಳುತ್ತದೆ. ಹಗ್ಗ ಸಿಕ್ಕಿಸುವ ಪ್ಲಾಸ್ಟಿಕ್ ಕೊಂಡಿಗಳ (ಶ್ಯಾಕಲ್) ಪಿನ್ ತೆಗೆದು ಹಿತ್ತಾಳೆ ಪಿನ್ ಹಾಕಿದೆ. ಎರಡು ಹಗ್ಗಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿದ್ದೇನೆ: ಮುಂದಿನದರ ಎಡದಿಂದ ಹಿಂದಿನದರ ಬಲಕ್ಕೆ, ಬಲದಿಂದ ಎಡಕ್ಕೆ. ತಿರುವಿನಲ್ಲಿ ಹಿಂದಿನ ಟ್ಯಾಂಕು ಮುಂದಿನದರ ಜಾಡು ಹಿಡಿದು ಬರಲಿ ಎಂದು ನಿಜದಲ್ಲೂ ಹೀಗೇ ಕಟ್ಟುತ್ತಿದ್ದರು.

ಹಗ್ಗದ ಪಕ್ಕ ನಿಲ್ಲಿಸಿದ್ದ ಸೈನಿಕನನ್ನು ತೆಗೆದುಬಿಟ್ಟೆ. ಕಾಕಾನ ಮಾತು ನೆನಪಿತ್ತು. ಅವನೀಗ ಬೆರ್ಗೆಪ್ಯಾಂಥರಿನ ಮುಂದೆ, ಡ್ರೈವರಿಗೆ ಕಾಣುವಂತೆ, ದೂರದಲ್ಲಿ ಕೈ ಎತ್ತಿ ನಿಂತಿದ್ದಾನೆ.

ದೃಶ್ಯ 1944ರ ಮಾರ್ಚ್ ತಿಂಗಳ ಉಕ್ರೇನ್. ಹಿಮ ಕರಗಿ ಅಲ್ಲಿನ ಕಪ್ಪು ನೆಲ ಹುದುಲಾಗುವ ಕಾಲ. ನಮ್ಮ ಎರೆಯೂ ಕಪ್ಪು ಎಂದು ಮುಧೋಳದ ಮಣ್ಣನ್ನೇ ತಂದು, ವಸ್ತ್ರಗಾಳಿತ ಮಾಡಿ, ಫೆವಿಕಾಲ್ ಬೆರೆಸಿ ಬಳಿದೆ. ಮೂರನೆಯ ದಿನ ಹೊಲದಲ್ಲಿ ಬೇಸಿಗೆಗೆ ಬಾಯಿ ಬಿಡುವ ಹಾಗೆಯೇ ಬಿರಿಯಿತು, ಒಂದು ಬಿರುಕು ಚೈನಿನ ಅಡಿಗೇ ಹೋಯಿತು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅಂಟು ಅದನ್ನು ತಡೆಯಲಾರದು. ಎಲ್ಲವನ್ನೂ ಕೆರೆದು ತೆಗೆದು ಗೋಡೆಗೆ ಹಚ್ಚುವ ಪುಟ್ಟಿ, ಸಣ್ಣ ಮರಳು, ಫೆವಿಕಾಲ್ ಕಲಸಿದೆ. ಮಣ್ಣಿನ ಗೋಡೆಗೆ ಹೊಟ್ಟು ಬೆರೆಸುವ ನಮ್ಮ ಕಡೆಯ ಪದ್ಧತಿ ನೆನೆದು, ತೆಂಗಿನ ನಾರನ್ನು ಎರಡು ಮಿಲಿಮೀಟರಿಗೆ ಕತ್ತರಿಸಿ ಸೇರಿಸಿದೆ. ಒಮ್ಮೆಗೆ ಮೂರು ಮಿ.ಮೀ.ಗಿಂತ ದಪ್ಪ ಹಾಕಲಿಲ್ಲ. ಬಿರಿಯಲಿಲ್ಲ. ಎರೆಯ ಪುಡಿಯನ್ನು ಬಣ್ಣಕ್ಕೆಂದು ಮೇಲೆ ಮಾತ್ರ ಉದುರಿಸಿದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1943ರ ಫೆಬ್ರವರಿಯಿಂದ ಬಂದ ಕಡು ಹಳದಿ, ಅದರ ಮೇಲೆ ಹಸಿರು ಮತ್ತು ಕೆಂಗಂದು ಪಟ್ಟೆ. ಅರ್ಧಕ್ಕರ್ಧ ಕೆಸರೇ ಮುಚ್ಚಿದೆ.

ಹೆಚ್ಚು ಹೊತ್ತು ಕೂತದ್ದು ಪ್ಯಾಂಥರಿನ ಹಿಂದಿನ ಜಾಡಿಗೆ. ಬಲಗಡೆ ಚೈನಿನ ಅಚ್ಚು, ಸುಮಾರು 19 ಮಿ.ಮೀ. ಅಗಲ. ಎಡಗಡೆ ಬರಿಗಾಲಿ ಸೀಳಿದ ಕಿರಿದಾದ, ಆಳವಾದ ಗೆರೆಗಳು, ಅವುಗಳಲ್ಲಿ ಆಗಲೇ ನೀರು ಜಿನುಗಿದೆ. ಬಿಚ್ಚಿದ ಚೈನಿನ 86 ಕೊಂಡಿಗಳನ್ನು ಎರಡು ತುಂಡು ಮಾಡಿ ಬೆರ್ಗೆಪ್ಯಾಂಥರಿನ ಮೇಲೆ ಹೇರಿದ್ದೇನೆ.

ಟೈಗರಿನ ಆಸೆ ಬಿಟ್ಟಿಲ್ಲ. ಒಂದೂಕಾಲು ಮೀಟರಿನ ಹಲಗೆ ಗೋಡೆಗೆ ಒರಗಿದೆ, ಮೊದಲ ಫಾಮೋದ ಚಾಸಿ ಮುಗಿದಿದೆ. ಅಲ್ಲಿ ಮೂರು ಹಗ್ಗಗಳಿಗೂ ಒಂದೇ ಬಿಗಿತ ಕೊಡುವಂತಿಲ್ಲ. ತೀರಾ ಮುಂದಿನ ಹಗ್ಗದಲ್ಲಿರುವುದು ಒಂದು ಫಾಮೋದ ಬಲ, ನಡುವಿನದರಲ್ಲಿ ಎರಡರದು, ಟೈಗರಿಗೆ ಕಟ್ಟಿದ್ದರಲ್ಲಿ ಮೂರರದೂ. ಮುಂದಿನದಕ್ಕೆ ಒಂದು ಸಣ್ಣ ಜೋಲು ಉಳಿಸಬೇಕು. ಎಷ್ಟು ಎಂಬುದನ್ನು ತಂತಿ ಹಿಡಿದು ನೋಡುತ್ತಿದ್ದೇನೆ.